ಸೋಮವಾರದ ನೊಗ

ಬಸವಕಲ್ಯಾಣದ ತಮ್ಮ ಮನೆಯ ಪಡಸಾಲೆಯಲ್ಲಿ, ದೇವರ ಪಟಕ್ಕೂ ಗೋಡೆಗಡಿಯಾರಕ್ಕೂ ನಡುವೆ, ತುಳಜಾಬಾಯಿಯವರು ಒಂದು ಮೊಳೆ ಹೊಡೆದು ಹನ್ನೊಂದು ವರ್ಷಗಳಾಗಿದ್ದವು. ಪತಿ ಗುರುನಾಥ ಮಾಸ್ತರರಿಗೆ ಇಂದಲ್ಲ ನಾಳೆ ಇಲಾಖೆಯಿಂದ ಒಂದು ಪ್ರಶಸ್ತಿಪತ್ರ ಬಂದೇ ಬರುವುದೆಂದೂ, ಅದು ಬಂದ ದಿನ ಮೊಳೆ ಹುಡುಕುತ್ತ ಕೂರುವುದು ತಮ್ಮಿಂದಾಗದೆಂದೂ ಅವರ ವಾದವಾಗಿತ್ತು. ಪ್ರಶಸ್ತಿಪತ್ರ ಬರಲಿಲ್ಲ. ಆ ಮೊಳೆಗೆ ಮೊದಲು ಕೊಡೆ ತೂಗಿತು, ಅನಂತರ ಔಷಧದ ಚೀಲ ತೂಗಿತು. ಈಗ, ಮಾಸ್ತರರು ಆಗಸ್ಟ್ ಮೂವತ್ತೊಂದಕ್ಕೆ ನಿವೃತ್ತರಾಗಲಿರುವಾಗ, ತುಳಜಾಬಾಯಿಯವರು ಚೀಲವನ್ನೂ ತೆಗೆದು, ಮೊಳೆಯನ್ನು ಸೆರಗಿನಿಂದ ಒರೆಸಿ ಖಾಲಿ ಬಿಟ್ಟಿದ್ದರು. ಆ ಖಾಲಿ ಮೊಳೆಯ ಎದುರು ಕುಳಿತು ಊಟ ಮಾಡುವುದು ಮಾಸ್ತರರಿಗೆ ಕಷ್ಟವಾಗತೊಡಗಿತ್ತು.

“ನಾ ಏನೂ ಅಂದಿಲ್ರಿ,” ಎನ್ನುತ್ತಿದ್ದರು ತುಳಜಾಬಾಯಿ, ರೊಟ್ಟಿ ಬಡಿಸುತ್ತ.

“ಮೊಳಿ ಅನ್ನಾಕತ್ತದ,” ಎನ್ನುತ್ತಿದ್ದರು ಮಾಸ್ತರರು.

ಮೂವತ್ತನಾಲ್ಕು ವರ್ಷಗಳ ಸೇವೆಯಲ್ಲಿ ಗುರುನಾಥ ಮಾಸ್ತರರು ಒಂದೇ ಒಂದು ಕಾಗುಣಿತದ ತಪ್ಪನ್ನೂ ಕರಿಹಲಗೆಯ ಮೇಲೆ ಬಿಟ್ಟವರಲ್ಲ. ಅವರ ಅಕ್ಷರ ಮುತ್ತು ಪೋಣಿಸಿದಂತೆ ಇರುತ್ತಿತ್ತು. ಬೇರೆಯವರ ಸನ್ಮಾನಗಳಿಗೆ ಬಿನ್ನವತ್ತಳೆ ಬರೆದುಕೊಡುವವರು ಸುತ್ತಿನಲ್ಲಿ ಅವರೇ. ಹೀಗೆ ನಲವತ್ತೇಳು ಜನರನ್ನು ‘ಮಾನ್ಯ’ರನ್ನಾಗಿಸಿದ ಆ ಲೇಖನಿಯ ಒಡೆಯನನ್ನು ಯಾರೂ ವೇದಿಕೆಗೆ ಕರೆದಿರಲಿಲ್ಲ. ಆದುದರಿಂದ, ಎಳೆಯ ಮಕ್ಕಳಿಗೆ ದನಕರುಗಳ ಪರಿಚಯವನ್ನೂ ಆರೈಕೆಯನ್ನೂ ಅತ್ಯುತ್ತಮವಾಗಿ ಕಲಿಸುವ ಶಾಲೆಯ ಮುಖ್ಯಗುರುಗಳಿಗೆ ಚೌಕಟ್ಟು ಸಹಿತ ಪ್ರಶಸ್ತಿಪತ್ರ ಕೊಡಲಾಗುವುದೆಂಬ ಸುತ್ತೋಲೆ ಜೂನ್ ತಿಂಗಳಲ್ಲಿ ಬಂದಾಗ, ಅವರು ಅದನ್ನು ನಾಲ್ಕು ಸಲ ಓದಿದರು. ನಾಲ್ಕನೆಯ ಸಲ ‘ಚೌಕಟ್ಟು ಸಹಿತ’ ಎಂಬಲ್ಲಿ ಅಡಿಗೆರೆ ಎಳೆದರು.

ಅವರ ಶಾಲೆ ಇದ್ದುದು ಹುಣಸಿವಾಡಿಯಲ್ಲಿ. ಮುಡಬಿಯ ರಸ್ತೆಯಲ್ಲಿ ಬಸ್ಸಿನಿಂದ ಇಳಿದು, ಅಲ್ಲಿನವರು ಫಾಟಾ ಎಂದು ಕರೆಯುವ ತಿರುವಿನಿಂದ ಒಂದು ಕಿಲೋಮೀಟರು ಒಳಗೆ ನಡೆದರೆ ಸಿಗುವ ಊರು ಅದು. ಊರಿನಲ್ಲಿ ಟ್ರ್ಯಾಕ್ಟರುಗಳು ಹನ್ನೆರಡು ಇದ್ದವು. ಎತ್ತಿನ ಜೋಡಿ ಉಳಿದದ್ದು ಒಂದೇ. ಸರ್ಜಾ ಮತ್ತು ಹೀರಾ ಎಂಬ ಆ ಬಿಳಿಯ ಜೋಡಿಯ ಒಡೆಯರು ಬಸವಣಪ್ಪನವರು. ಹಣೆಯ ತುಂಬ ವಿಭೂತಿ, ಹೆಗಲ ಮೇಲೆ ಟವೆಲು, ಮಾತು ಕಡಿಮೆ.

ಮಕ್ಕಳಿಗೆ ಪಾಠ ಹೇಳುವ ಭಾರ ಎರಡನೆಯ ಇಯತ್ತೆಯ ಶಿಕ್ಷಕಿ ಅನುರಾಧಾ ಅವರದಾಯಿತು. ಅವರು ಪುಸ್ತಕವನ್ನು ಮುಚ್ಚಿಟ್ಟು, ಹದಿನಾರು ಮಕ್ಕಳನ್ನು ವಾರಕ್ಕೆ ಎರಡು ದಿನ ಬಸವಣಪ್ಪನವರ ಕೊಟ್ಟಿಗೆಗೆ ಕರೆದೊಯ್ದರು. ಬಸವಣಪ್ಪನವರ ಷರತ್ತು ಒಂದೇ: ಎತ್ತಿನ ಮೈಮೇಲೆ ಕೈ ಇಡದ ಮಗು ಎತ್ತಿನ ಬಗ್ಗೆ ಮಾತಾಡಬಾರದು.

ಎರಡು ತಿಂಗಳಲ್ಲಿ ಮಕ್ಕಳು ಬಹಳ ಕಲಿತರು. ಕಿವಿಯ ಹಿಂದೆಯೂ ಬಾಲದ ಬುಡದಲ್ಲಿಯೂ ಉಣ್ಣೆ ಹುಡುಕುವುದನ್ನು, ಗೊರಸಿನ ಸಂದಿಯಿಂದ ಹರಳು ತೆಗೆಯುವುದನ್ನು, ನೊಗ ತಿಕ್ಕಿದ ಹೆಗಲಿಗೆ ಅರಿಸಿನ ಎಣ್ಣೆ ಸವರುವುದನ್ನು ಕಲಿತರು. ದಣಿದು ಬಂದ ಎತ್ತಿಗೆ ಒಮ್ಮೆಲೇ ನೀರು ಕುಡಿಸದೆ, ನೆರಳಿನಲ್ಲಿ ನಿಲ್ಲಿಸಿ, ಉಸಿರು ತಣ್ಣಗಾದ ಮೇಲೆ ಕುಡಿಸಬೇಕೆಂಬುದನ್ನು ಕಲಿತರು. ಎಲ್ಲಕ್ಕಿಂತ ಹೆಚ್ಚಾಗಿ ಹಲ್ಲು ನೋಡಿ ವಯಸ್ಸು ಹೇಳುವುದನ್ನು ಕಲಿತರು. ಹಾಲುಹಲ್ಲು, ಎರಡು ಹಲ್ಲು, ನಾಲ್ಕು, ಆರು, ಎಂಟೂ ಬಂದರೆ ಬಾಯಿಗೂಡಿದ ಎತ್ತು. ಅವರಿಗೆಲ್ಲ ಏಳು ವರ್ಷ. ಅರ್ಧ ತರಗತಿಗೆ ಮುಂದಿನ ಹಲ್ಲು ಬಿದ್ದು ಹೊಸದು ಮೂಡುತ್ತಿದ್ದ ಕಾಲ. ಹೀಗಾಗಿ ಹಾಜರಿ ಕೂಗುವಾಗ “ಹಾಜರ್” ಎನ್ನುವ ಬದಲು “ಎರಡು ಹಲ್ಲು ಟೀಚರ್” ಎನ್ನುವ ರೂಢಿ ಬಿತ್ತು. ಬಸವಣಪ್ಪನವರ ಮೊಮ್ಮಗಳು ದೀಪಾಲಿಗೆ ಮುಂದಿನ ನಾಲ್ಕು ಹಲ್ಲೂ ಇರಲಿಲ್ಲವಾಗಿ, ಅವಳನ್ನು ಯಾವ ಸಾಲಿಗೆ ಸೇರಿಸಬೇಕೆಂದು ಒಂದು ಶನಿವಾರವಿಡೀ ವಾದ ನಡೆಯಿತು. ಅವಳ ಗೆಳತಿ ಮೀನಾಜ್ ಒಮ್ಮೆ ಮಾಸ್ತರರನ್ನೂ ಬಾಯಿ ತೆರೆಸಿ ನೋಡಿ ತೀರ್ಪು ಕೊಟ್ಟಿದ್ದಳು.

“ಬಾಯಿಗೂಡ್ಯದ ಟೀಚರ್. ಆದ್ರ ಎಲ್ಲಾ ಒಮ್ಮೆಲೇ ಹೊರಗ ಬರ್ತಾವ.”

ಇಷ್ಟರ ಜೊತೆಗೆ, ಬಸವಣಪ್ಪನವರು ದಿನವೂ ಕಡೆಗೆ ಹೇಳಿಸುತ್ತಿದ್ದ ಪಾಠ ಇನ್ನೊಂದಿತ್ತು.

“ಎತ್ತಿಗಿ ಸೂಟಿ ಯಾವಾಗ?”

“ಸೋಮವಾರ.”

“ನೊಗ?”

“ಮುಟ್ಟಂಗಿಲ್ಲ.”

ಇದು ಅವರ ಮನೆತನದ ನೇಮ. ಸೋಮವಾರ ಬಸವಣ್ಣನ ವಾರ. ಅಂದು ಎತ್ತನ್ನು ಹೂಡುವುದಿಲ್ಲ. ಐದು ವರ್ಷಗಳ ಹಿಂದೆ ಒಂದು ಸೋಮವಾರ ಬಸವಣಪ್ಪನವರಿಗೆ ತೀವ್ರ ಹೊಟ್ಟೆಶೂಲೆ ಎದ್ದಾಗ, ಗಾಡಿ ಅಂಗಳದಲ್ಲಿದ್ದೂ ಎತ್ತು ಕೊಟ್ಟಿಗೆಯಲ್ಲಿದ್ದೂ, ಅವರು ಹೊಟ್ಟೆ ಹಿಡಿದುಕೊಂಡು ಫಾಟಾದವರೆಗೆ ನಡೆದೇ ಹೋಗಿದ್ದರು. ದವಾಖಾನೆಯಿಂದ ಮರಳಿದ್ದು ಗುರುವಾರ. ಅಂದು ಗಾಡಿಯಲ್ಲಿ ಬಂದರು.

ಪ್ರಶಸ್ತಿಗಾಗಿ ಪಾಠ ನೋಡಲು ಬೀದರಿನಿಂದ ಇಲಾಖೆಯ ದಿಲೀಪ ಸಾಹೇಬರು ಬರುವುದೆಂದು ನಿಶ್ಚಯವಾದುದು ಆಗಸ್ಟ್ ಇಪ್ಪತ್ತಾರರ ಬುಧವಾರಕ್ಕೆ. ಗುರುನಾಥ ಮಾಸ್ತರರು ಆಮಂತ್ರಣಪತ್ರವನ್ನು ಎರಡು ರಾತ್ರಿ ಕುಳಿತು ರಚಿಸಿದರು. ಅದರ ಕೊನೆಯ ವಾಕ್ಯ ಮುಕ್ಕಾಲು ಪುಟ ಇತ್ತು. ಕರ್ತೃಪದ ಮೊದಲ ಸಾಲಿನಲ್ಲಿಯೂ ಕ್ರಿಯಾಪದ ಹದಿಮೂರನೆಯ ಸಾಲಿನಲ್ಲಿಯೂ ಇದ್ದವು. ಫಾಟಾದಿಂದ ಶಾಲೆಯವರೆಗೆ ಸಾಹೇಬರನ್ನು, ಮಕ್ಕಳೇ ಆರೈಕೆ ಮಾಡಿದ ಎತ್ತುಗಳ ಗಾಡಿಯಲ್ಲಿ, ಹಸಿರು ತೋರಣದ ನೆರಳಿನಲ್ಲಿ ಕರೆತರಲಾಗುವುದು ಎಂಬುದು ಅದರ ತಾತ್ಪರ್ಯ.

ಶನಿವಾರ ಮಧ್ಯಾಹ್ನ ಸಾಹೇಬರ ಫೋನು ಬಂದಿತು.

“ಮಾಸ್ತರ, ಬುಧವಾರ ಮೀಟಿಂಗ್ ಇಟ್ಟಾರ್ರಿ. ಸೋಮವಾರ ಹತ್ತಕ್ಕ ಬಂದ್ರ ನಡೀತದೇನ್ರಿ?”

“ಅವಶ್ಯ ಬರ್ರಿ ಸಾಹೇಬ್ರ. ಯಾವ ವಾರ ಆದ್ರೂ ನಮಗ ಒಂದೇ,” ಎಂದರು ಮಾಸ್ತರರು. ಮೇಲಧಿಕಾರಿಗೆ ಇಲ್ಲವೆಂದು ಹೇಳುವ ಅಭ್ಯಾಸ ಅವರ ನಾಲಗೆಗೆ ಇರಲಿಲ್ಲ. ಫೋನಿಟ್ಟ ಮೇಲೆ ಎದುರಿಗಿದ್ದ ಅನುರಾಧಾ ಅವರ ಮುಖ ನೋಡಿದರು.

“ಸರ್,” ಎಂದರು ಅನುರಾಧಾ, “ಎತ್ತಿಗಿ ಒಂದೇ ಅಲ್ರಿ.”

ಮರುದಿನ ಭಾನುವಾರ, ರಜೆಯ ದಿನ, ಮಾಸ್ತರರು ಬಸ್ಸು ಹತ್ತಿ ಹುಣಸಿವಾಡಿಗೆ ಬಂದರು. ಬಸವಣಪ್ಪನವರು ಬೇವಿನ ಕೆಳಗೆ ಹಗ್ಗ ಹೊಸೆಯುತ್ತ ಕುಳಿತಿದ್ದರು. ಎತ್ತುಗಳು ಕಣಕಿ ಮೇಯುತ್ತಿದ್ದವು.

“ಬರ್ರಿ ಮಾಸ್ತರ. ಆಯ್ತವಾರ ಬಂದೀರಿ. ಮನ್ಯಾಗ ಜಗಳ ಆಯ್ತೇನು?”

ಮಾಸ್ತರರು ಪೀಠಿಕೆಯಿಂದ ಆರಂಭಿಸಿದರು. ಶಿಕ್ಷಣದ ಮಹತ್ವ, ಊರಿನ ಕೀರ್ತಿ, ಮಕ್ಕಳ ಭವಿಷ್ಯ, ಇವೆಲ್ಲವನ್ನೂ ದಾಟಿ ಸೋಮವಾರಕ್ಕೆ ಬರುವಷ್ಟರಲ್ಲಿ ಬಸವಣಪ್ಪನವರು ಒಂದು ಮೊಳ ಹಗ್ಗ ಹೊಸೆದಿದ್ದರು.

“ಹೊಲ ಹೊಡೀರಿ ಅನ್ನಾಕತ್ತಿಲ್ಲ ನಾ. ಫಾಟಾಕ್ಕ ಹೋಗೋದು, ಬರೋದು. ಖಾಲಿ ಗಾಡಿ.”

“ಸಾಹೇಬ್ರು ಕೂಡ್ತಾರಲ್ಲ. ಖಾಲಿ ಹ್ಯಾಂಗ ಆಗ್ತದ?”

“ಒಂದ ಸೋಮವಾರ, ಬಸವಣಪ್ಪ.”

“ನಮ್ಮಪ್ಪನ ಕಾಲದಾಗೂ ಒಂದೊಂದೇ ಬರ್ತಿತ್ತು. ಒಂದ ವಾರಕ್ಕ ಎರಡು ಸೋಮವಾರ ಯಾರ ನೋಡ್ಯಾರ?”

“ಅದು ಬಿಡ್ರಿ. ಮಾಫಿ ಅಂತ ಒಂದು ಇರ್ತದೋ ಇಲ್ಲೋ?”

“ಇರ್ತದ. ಎತ್ತಿಗಿ ಕೇಳ್ರಿ. ಅವು ಹ್ಞೂಂ ಅಂದ್ರ ನಂದೇನೂ ಇಲ್ಲ.”

ಮಾಸ್ತರರು ಎತ್ತುಗಳತ್ತ ನೋಡಿದರು. ಸರ್ಜಾ ಬಾಲದಿಂದ ನೊಣ ಓಡಿಸಿತು.

“ಆಯ್ತವಾರ ನಿಮಗ ಸೂಟಿ,” ಎಂದರು ಬಸವಣಪ್ಪನವರು ನಿಧಾನವಾಗಿ. “ಯಾರರೇ ಬಂದು ನಿಮ್ಮ ಹೆಗಲ ಮ್ಯಾಲ ನೊಗ ಇಟ್ರ ನಡೀತದೇನು?”

“ಇಟ್ಟಾರಲ್ಲ,” ಎಂದರು ಮಾಸ್ತರರು. ಅವರ ಕಣ್ಣೆದುರು ಮೊಳೆ ಸುಳಿಯಿತು.

ಬಸವಣಪ್ಪನವರಿಗೆ ಅದು ಅರ್ಥವಾಗಲಿಲ್ಲ. ಆದರೆ ಮಾಸ್ತರರ ಮುಖ ಇಳಿದಿದ್ದುದು ಕಾಣಿಸಿತು. ಹಗ್ಗವನ್ನು ಕೆಳಗಿಟ್ಟು, “ಗಾಡಿಗಿ ಸೋಮವಾರ ಇಲ್ಲ. ಗಾಡಿ ತೊಗೊಂಡು ಹೋಗ್ರಿ. ಎತ್ತು ದೀಪಾಲಿ ಕೂಡ ಸಾಲಿಗಿ ಬರ್ತಾವ. ಹಲ್ಲ ನೋಡ್ರಿ, ಮೈ ತಿಕ್ಕ್ರಿ, ಸಾಹೇಬ್ರಿಗಿ ಎಲ್ಲಾ ತೋರಸ್ರಿ. ನೊಗ ಅಷ್ಟ ಬ್ಯಾಡ. ನಾ ನಾಳಿಗಿ ಶ್ರಾವಣ ಸೋಮವಾರ ಅಂತ ಕಲ್ಯಾಣಕ್ಕ ಗುಡಿಗಿ ಹೋಗಿ ಹತ್ತೂವರಿ ಬಸ್ಸಿಗಿ ಬರ್ತೀನಿ,” ಎಂದರು.

ಈ ಕೊನೆಯ ವಾಕ್ಯವೇ ಮಾಸ್ತರರ ಮನಸ್ಸಿನಲ್ಲಿ ಕೆಟ್ಟ ಆಲೋಚನೆಯೊಂದನ್ನು ಬಿತ್ತಿತು. ಬಸವಣಪ್ಪನವರು ಹತ್ತೂವರೆಗೆ ಬರುವರು. ಸಾಹೇಬರು ಹತ್ತಕ್ಕೇ ಬರುವರು. ಗಾಡಿ ಶಾಲೆಯಲ್ಲಿರುವುದು, ಎತ್ತುಗಳೂ ಶಾಲೆಯಲ್ಲಿರುವುವು. ಫಾಟಾಕ್ಕೆ ಹೋಗಿಬರಲು ಅರ್ಧ ಗಂಟೆ ಸಾಕು. ತೊಡಕು ಒಂದೇ: ಆ ಎತ್ತುಗಳು ಅಪರಿಚಿತ ಕೈಗೆ ಒಂದು ಹೆಜ್ಜೆಯನ್ನೂ ಕೊಡುವುದಿಲ್ಲ; ದೀಪಾಲಿ ಮುಂದೆ ನಡೆದರೆ ಮಾತ್ರ ಹಿಂದೆ ನಡೆಯುತ್ತವೆ. ಸೋಮವಾರ ಎಂದು ತಿಳಿದರೆ ದೀಪಾಲಿ ನಡೆಯಳು.

ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಶಾಲೆಯ ಬಾಗಿಲು ತೆರೆದು, ಮೂವತ್ತನಾಲ್ಕು ವರ್ಷ ಒಂದು ಕೊಂಬನ್ನೂ ಒಂದು ದೀರ್ಘವನ್ನೂ ತಪ್ಪಿಸದ ಆ ಕೈ, ಸುಣ್ಣದ ಕಡ್ಡಿ ಹಿಡಿದು, ಕರಿಹಲಗೆಯ ಬಲ ಮೂಲೆಯಲ್ಲಿ ಅತ್ಯಂತ ದುಂಡಾದ ಅಕ್ಷರಗಳಲ್ಲಿ ‘ಮಂಗಳವಾರ’ ಎಂದು ಬರೆಯಿತು.

ಒಂಬತ್ತೂವರೆಗೆ ದೀಪಾಲಿ ಎತ್ತುಗಳೊಂದಿಗೆ ಬಂದಳು. ಎತ್ತುಗಳ ಮೈ ತೊಳೆದಿತ್ತು. ಹಣೆಗೆ ವಿಭೂತಿ ಬಳಿದಿತ್ತು. ಅವುಗಳನ್ನು ಅಂಗಳದ ನೆರಳಿನಲ್ಲಿ ನಿಲ್ಲಿಸಿ ಅವಳು ಒಳಗೆ ಬಂದು, ಕರಿಹಲಗೆ ನೋಡಿ ನಿಂತಳು.

“ಸರ್, ವಾರ ತಪ್ಪ ಬರ್ದೀರಿ.”

“ಇಲ್ಲವಾ. ಇವತ್ತ ಮಂಗಳವಾರ.”

“ನಿನ್ನಿ ಆಯ್ತವಾರ ಇತ್ರಿ,” ಎಂದಳು ಮೀನಾಜ್. “ನಮ್ಮ ಅಬ್ಬಾ ಮನ್ಯಾಗ ಇದ್ರು.”

“ನಿಮ್ಮ ಅಬ್ಬಾ ಒಂದ ದಿನ ಹೆಚ್ಚಿಗಿ ಇದ್ದಿರಬೇಕು. ಸಾಲ್ಯಾಗ ಮಾಸ್ತರು ಬರ್ದಿದ್ದೇ ವಾರ.”

ಹದಿನಾರು ಮಕ್ಕಳು ಇದನ್ನು ಗಂಭೀರವಾಗಿ ಆಲೋಚಿಸಿದರು. ಕೊನೆಗೆ ದೀಪಾಲಿ ಎಲ್ಲರ ಪರವಾಗಿ ಕೇಳಿದಳು.

“ಹಂಗಿದ್ರ ಆಯ್ತವಾರ ಬರೀರಿ ಸರ್. ಎಲ್ಲಾರೂ ಮನಿಗಿ ಹೋಗ್ತೀವಿ.”

ಬಾಗಿಲಲ್ಲಿ ನಿಂತಿದ್ದ ಅನುರಾಧಾ ಕೆಮ್ಮಿದರು. ಮಾಸ್ತರರು ಆ ಕಡೆ ನೋಡದೆ, “ದೀಪಾಲಿ, ಎತ್ತು ಗಾಡಿ ಹತ್ರ ಕರ್ಕೊಂಡು ಬಾ. ಮಂಗಳವಾರ ನೊಗಕ್ಕ ಅಡ್ಡಿ ಇಲ್ಲ,” ಎಂದರು.

“ನಾನೇನೋ ಮಂಗಳವಾರ ಅಂತೀನಿ ಸರ್,” ಎಂದಳು ಆ ಹುಡುಗಿ, ಸಂಧಾನಕ್ಕೆ ಬಂದವಳಂತೆ. “ಎತ್ತಿಗಿ ಹ್ಯಾಂಗ ಹೇಳ್ತೀರಿ? ಅವಕ್ಕ ಬೋರ್ಡ್ ಓದಾಕ ಬರಂಗಿಲ್ಲ. ಮುತ್ಯಾ ಮುಂಜಾನಿ ಮೈ ತೊಳ್ದು, ಇಬತ್ತಿ ಹಚ್ಚಿ, ಬೆಲ್ಲ ತಿನ್ನಿಸ್ಯಾನ. ಅವಕ್ಕ ಗೊತ್ತದ.”

ಮಾಸ್ತರರು ಅಂಗಳಕ್ಕೆ ಹೋದರು. ಗಾಡಿಯ ನೊಗವನ್ನು ಎರಡೂ ಕೈಗಳಿಂದ ಎತ್ತಿ ಹಿಡಿದರು. ಹೀರಾ ಅದನ್ನು ನೋಡಿತು, ಮುಂಗಾಲು ಮಡಿಸಿತು, ಮಲಗಿತು. ಸರ್ಜಾ ಸ್ವಲ್ಪ ಹೊತ್ತು ನಿಂತು ಮಾಸ್ತರರನ್ನು ಅಡಿಯಿಂದ ಮುಡಿಯವರೆಗೆ ಪರೀಕ್ಷಿಸಿ, ಜೊತೆಗಾರನ ಪಕ್ಕದಲ್ಲಿ ತಾನೂ ಮಲಗಿ, ಕಣ್ಣು ಮುಚ್ಚಿ ಮೆಲುಕು ಹಾಕತೊಡಗಿತು. ಅಷ್ಟರಲ್ಲಿ ಜೇಬಿನ ಫೋನು ರಿಂಗಣಿಸಿತು.

“ಮಾಸ್ತರ, ಫಾಟಾದಾಗ ಇಳದೀನ್ರಿ,” ಎಂದಿತು ದಿಲೀಪ ಸಾಹೇಬರ ಧ್ವನಿ. “ಜೀಪು ಹುಮನಾಬಾದಕ್ಕ ಕಳಿಸ್ಬಿಟ್ಟೆ. ನಿಮ್ಮ ಪತ್ರ ಓದ್ದಾಗಿಂದ ಗಾಡ್ಯಾಗ ಕೂಡಬೇಕು ಅಂತ ಆಸೆ ಹಚ್ಕೊಂಡೀನಿ. ಎಲ್ಲಿತನ ಬಂತ್ರಿ ಗಾಡಿ?”

“ಹೊಂಟದ ಸಾಹೇಬ್ರ,” ಎಂದರು ಮಾಸ್ತರರು.

ನೊಗವನ್ನು ಕೆಳಗಿಳಿಸಿ ಅವರು ಒಂದು ನಿಮಿಷ ನಿಂತರು. ನಿವೃತ್ತಿಗೆ ಏಳು ದಿನ ಉಳಿದಿತ್ತು. ಮೊಳೆ ಖಾಲಿ ಇತ್ತು. ಅಂಗಳದಲ್ಲಿ ಎರಡು ಎತ್ತುಗಳು ಮಲಗಿದ್ದವು. ಬಾಗಿಲಲ್ಲಿ ಹದಿನಾರು ಮಕ್ಕಳು ನಿಂತು, ಮಾಸ್ತರರು ಈಗ ಯಾವ ವಾರ ಹೇಳುವರೋ ಎಂದು ಕಾಯುತ್ತಿದ್ದರು. ಅವರು ಒಳಗೆ ಹೋಗಿ, ತಮ್ಮ ಕರವಸ್ತ್ರದಿಂದಲೇ ಕರಿಹಲಗೆಯ ಮೂಲೆಯನ್ನು ಒರೆಸಿ, ‘ಸೋಮವಾರ’ ಎಂದು ಬರೆದರು.

“ನಾ ತಪ್ಪ ಬರ್ದಿದ್ದೆ,” ಎಂದರು, ಗೋಡೆಯ ಕಡೆಗೇ ಮುಖಮಾಡಿ.

“ತಪ್ಪ ಬರ್ದ್ರ ಮೂರು ಸರ್ತಿ ಬರೀಬೇಕ್ರಿ ಸರ್,” ಎಂದಳು ಮೀನಾಜ್. ಆ ಕಾನೂನು ಅವರದೇ.

ಮಾಸ್ತರರು ಇನ್ನೂ ಎರಡು ಸಲ ಬರೆದರು. ಮೂರು ಸೋಮವಾರಗಳೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಇದ್ದವು.

ಆಮೇಲೆ ಹೊರಗೆ ಬಂದು, ಅಂಗಿಯ ತೋಳು ಮಡಿಸಿ, ನೊಗದ ಎಡಭಾಗಕ್ಕೆ ತಮ್ಮ ಹೆಗಲನ್ನೇ ಕೊಟ್ಟರು.

“ಸರ್, ನಿಮಗ ಬಿಪಿ ಅದ,” ಎಂದರು ಅನುರಾಧಾ, ಗಾಬರಿಯಿಂದ.

“ಟೈರಿನ ಗಾಡಿ, ಡಾಂಬರ ರಸ್ತಾ. ಕರೀತೀನಿ ಅಂತ ಬರ್ದುಕೊಟ್ಟೀನಿ, ಟೀಚರ್. ಹದಿಮೂರು ಸಾಲು ಬರ್ದೀನಿ.”

ಎಳೆಯಲಾರಂಭಿಸುವ ಮೊದಲೇ ಒಂದು ತಡೆ ಬಂದಿತು. “ನಿಂದ್ರಿ ಸರ್” ಎಂದು ದೀಪಾಲಿ ಓಡಿಬಂದಳು. ನೊಗಕ್ಕೂ ಹೆಗಲಿಗೂ ನಡುವೆ ಮೆತ್ತನೆಯ ಬಟ್ಟೆ ಇಡದೆ ಹೂಡುವಂತಿಲ್ಲ. ಊಟದ ಕೋಣೆಯಿಂದ ಟವೆಲು ತಂದು ನಾಲ್ಕು ಮಡಿಕೆ ಮಾಡಿ ಇಟ್ಟರು. ಇನ್ನೊಬ್ಬಳು ಮಾಸ್ತರರ ಚಪ್ಪಲಿ ಬಿಡಿಸಿ, ಹರಳು ಇದೆಯೇ ಎಂದು ನೋಡಿ, ಮತ್ತೆ ತೊಡಿಸಿದಳು. ಮೀನಾಜ್ ಅವರ ಕಿವಿಯ ಹಿಂದೆ ಬಗ್ಗಿ ನೋಡಿ, “ಉಣ್ಣಿ ಇಲ್ಲ” ಎಂದು ವರದಿ ಕೊಟ್ಟಳು. ಎಲ್ಲ ಸರಿಯಿದೆಯೆಂದು ಖಚಿತವಾದ ಮೇಲೆ, ನಾಲ್ವರು ನೊಗದ ಬಲಭಾಗವನ್ನು ಹಿಡಿದರು, ಉಳಿದವರು ಹಿಂದಿನಿಂದ ನೂಕಿದರು, ಅನುರಾಧಾ ಪಕ್ಕದಲ್ಲಿ ನಡೆದರು, ಗಾಡಿ ಹೊರಟಿತು. ಸರ್ಜಾ ಮತ್ತು ಹೀರಾ ತಲೆಯೆತ್ತಿ ಅದು ಕಣ್ಮರೆಯಾಗುವವರೆಗೆ ನೋಡಿದವು.

ದಾರಿಯಲ್ಲಿ ಸಣ್ಣದೊಂದು ಏರು. ಅಲ್ಲಿ ಮಾಸ್ತರರ ಹೆಜ್ಜೆ ನಿಂತಿತು. ತುಂಟನೊಬ್ಬ ಹಿಂದಿನಿಂದ ಹುಣಸೆಯ ಬರಲು ಎತ್ತಿದನು.

“ಏ, ಹೊಡೀಬಾರದು,” ಎಂದು ದೀಪಾಲಿ ಗದರಿದಳು. “ಬೈಬಾರದು, ಬಾಲ ತಿರುವಬಾರದು. ಮೈ ಸವರಿ ಕರೀಬೇಕು.” ಅನಂತರ ಮಾಸ್ತರರ ಬೆನ್ನನ್ನು ಕೈಗೆಟಕುವಷ್ಟರ ಮಟ್ಟಿಗೆ ಸವರುತ್ತ, “ನಡೀರಿ ಸರ್, ಶಾಣ್ಯಾ ನಮ್ಮ ಸರ್, ನಡೀರಿ” ಎಂದಳು. ಮಾಸ್ತರರು ನಡೆದರು. ಶಾಣ್ಯಾ, ಜಾಣ ಎಂದು ಅವರನ್ನು ಯಾರಾದರೂ ಕರೆದು ಬಹಳ ವರ್ಷಗಳಾಗಿದ್ದವು.

ಫಾಟಾದ ಕಲ್ಲುಕಟ್ಟೆಯ ಮೇಲೆ ದಿಲೀಪ ಸಾಹೇಬರು ಕುಳಿತಿದ್ದರು. ಅವರ ಪಕ್ಕದಲ್ಲಿ, ಅದೇ ಆಗ ಬಸ್ಸಿನಿಂದ ಇಳಿದ ಬಸವಣಪ್ಪನವರು, ಕೈಯಲ್ಲಿ ಪ್ರಸಾದದ ಕಾಯಿ ಹಿಡಿದು ನಿಂತಿದ್ದರು. ಗಾಡಿ ತಿರುವು ದಾಟಿ ಕಣ್ಣಿಗೆ ಬಿದ್ದಾಗ ಇಬ್ಬರೂ ಮಾತು ನಿಲ್ಲಿಸಿದರು.

“ಎತ್ತೆಲ್ಲಿ?” ಎಂದರು ಸಾಹೇಬರು.

“ಇವತ್ತ ಸೋಮವಾರ್ರಿ,” ಎಂದರು ಬಸವಣಪ್ಪನವರು. ಅವರು ಟವೆಲು ಮುಖಕ್ಕೆ ಅಡ್ಡ ಹಿಡಿದರು. ನಗುತ್ತಿದ್ದರೋ ಕಣ್ಣೊರೆಸಿಕೊಳ್ಳುತ್ತಿದ್ದರೋ ಹೇಳುವುದು ಕಷ್ಟವಾಗಿತ್ತು.

ಗಾಡಿ ಬಂದು ನಿಂತಿತು. ಮಾಸ್ತರರು ಉಸಿರೆಳೆದುಕೊಳ್ಳುತ್ತ, “ಮಾನ್ಯರಿಗೆ ಹೃತ್ಪೂರ್ವಕ...” ಎಂದು ಆರಂಭಿಸಿದರು. ಮುಂದಿನ ಪದಕ್ಕೆ ಉಸಿರು ಸಾಲಲಿಲ್ಲ. ಸಾಹೇಬರು ತಮ್ಮ ನೀರಿನ ಬಾಟಲಿಯನ್ನು ಮುಂದೆ ಚಾಚಿದರು. ಮೂರು ಪುಟ್ಟ ಕೈಗಳು ಅದನ್ನು ತಡೆದವು.

“ಈಗ ಕೊಡಬಾರದ್ರಿ,” ಎಂದಳು ಮೀನಾಜ್.

“ಯಾಕವಾ?”

“ದಣದು ಬಂದಾರ. ನೆರಳಿಗಿ ನಿಂದ್ರಿಸಿ, ಉಸಿರು ತಣ್ಣಗಾದ ಮ್ಯಾಲ ಕೊಡಬೇಕ್ರಿ.”

“ಮತ್ತ ಹೆಗಲ ಮ್ಯಾಲ ಈ ಟವೆಲ್ಲು?”

“ನೊಗ ತಿಕ್ಕಿ ಹುಣ್ಣಾಗಬಾರದಂತ್ರಿ. ಮನಿಗಿ ಹೋದ ಮ್ಯಾಲ ಬಿಚ್ಚಿ ನೋಡಬೇಕು. ಕೆಂಪಾಗಿದ್ರ ಅರಿಶಿಣ ಎಣ್ಣಿ.”

ಸಾಹೇಬರು ಚೀಲದಿಂದ ಅಂಕಪಟ್ಟಿ ತೆಗೆದು ಗಾಡಿಯ ಗಾಲಿಗೆ ಒರಗಿ ನಿಂತರು. ಮೇವು ಎಷ್ಟು, ನೀರು ಎಷ್ಟು ಸಲ, ಮಳೆಗಾಲದಲ್ಲಿ ಗೊರಸು ಹೇಗೆ ನೋಡಬೇಕು ಎಂದು ಒಂದೊಂದಾಗಿ ಕೇಳುತ್ತ ಹೋದರು. ಮಕ್ಕಳು ಮಾಸ್ತರರನ್ನೇ ಅತ್ತಿತ್ತ ತಿರುಗಿಸಿ ತೋರಿಸುತ್ತ ಉತ್ತರ ಕೊಡುತ್ತ ಹೋದರು. ಮಾಸ್ತರರು ನೆರಳಿನಲ್ಲಿ ನಿಂತು, ಮಕ್ಕಳು ಎತ್ತು ಎಂದಾಗಲೆಲ್ಲ ತಲೆಯಾಡಿಸಿದರು. ಒಂದು ಪ್ರಶ್ನೆಗೂ ತಪ್ಪು ಉತ್ತರ ಬರಲಿಲ್ಲ. ಪಟ್ಟಿಯ ಕೊನೆಗೆ ಬಂದು ಸಾಹೇಬರ ಲೇಖನಿ ನಿಂತಿತು.

“ಇಲ್ಲೊಂದು ಅದರಿ ಮಾಸ್ತರ. ‘ಎತ್ತು ಹೂಡುವ ಪ್ರಾತ್ಯಕ್ಷಿಕೆ, ಹತ್ತು ಅಂಕ.’ ಇದಕ್ಕ ಸೊನ್ನಿ ಬರೀಬೇಕಾಗ್ತದ. ಎತ್ತು ಅಂತ ಛಾಪಿಸ್ಯಾರ. ಮಾಸ್ತರು ಅಂತ ಛಾಪಿಸಿಲ್ಲ.”

ಹತ್ತು ಅಂಕವೆಂದರೆ ಪ್ರಶಸ್ತಿಪತ್ರವೇ ಹೋದಂತೆ. ಮಾಸ್ತರರು ಬಸವಣಪ್ಪನವರ ಕಡೆ ನೋಡಿದರು. ಬಸವಣಪ್ಪನವರು ನೆಲ ನೋಡಿದರು. ಎತ್ತುಗಳು ಒಂದೇ ಕಿಲೋಮೀಟರಿನ ಆಚೆ ಇದ್ದವು. ಒಡೆಯರೂ ಇಲ್ಲೇ ಇದ್ದರು. ಕೇಳಿದರೆ ಈಗ ಇಲ್ಲವೆನ್ನುವುದು ಅವರಿಗೆ ಕಠಿಣವಾಗುತ್ತಿತ್ತು. ಅದು ಮಾಸ್ತರರಿಗೂ ತಿಳಿದಿತ್ತು.

“ಸೊನ್ನಿ ಬರೀರಿ ಸಾಹೇಬ್ರ,” ಎಂದರು ಮಾಸ್ತರರು. “ಇವತ್ತ ಸೋಮವಾರ.”

ಸಾಹೇಬರು ಸೊನ್ನೆ ಬರೆದರು. ಬರೆದು, ಪಟ್ಟಿಯನ್ನು ಮಡಿಸಿ ಚೀಲಕ್ಕೆ ಹಾಕಿದರು.

“ನಾ ಘಾಟಬೋರಾಳದವ್ರಿ,” ಎಂದರು. “ನಮ್ಮಪ್ಪನೂ ಸೋಮವಾರ ಹೂಡ್ತಿರಲಿಲ್ಲ. ಸೋಮವಾರ ಬರ್ತೀನಿ ಅಂತ ನಿಮಗ ಫೋನ್ ಹಚ್ಚೋವಾಗ ಒಂದಿಷ್ಟೂ ನೆಪ್ಪಾಗಲಿಲ್ಲ ನೋಡ್ರಿ ನನಗ.”

“ಬೀದರದಾಗ ಎತ್ತಿಲ್ಲ ಬಿಡ್ರಿ,” ಎಂದರು ಬಸವಣಪ್ಪನವರು ಸಮಾಧಾನ ಹೇಳುತ್ತ.

“ಹತ್ರಿ ಸಾಹೇಬ್ರ,” ಎಂದು ಮಾಸ್ತರರು ಮತ್ತೆ ನೊಗದತ್ತ ನಡೆದರು.

ಇದಕ್ಕೂ ದೀಪಾಲಿ ಒಪ್ಪಲಿಲ್ಲ. ಬರುವಾಗ ಗಾಡಿ ಖಾಲಿ ಇತ್ತು; ತುಂಬಿದ ಗಾಡಿಗೆ ಒಂಟಿ ಎತ್ತು ಹೂಡುವಂತಿಲ್ಲ; ಜೋಡಿ ಬೇಕು; ಜೋಡಿಯ ಎತ್ತರ ಸಮ ಇರಬೇಕು. ಮಕ್ಕಳು ನಿಂತಿದ್ದ ಹಿರಿಯರನ್ನು ಅಳೆದು ನೋಡಿದರು. ಬಸವಣಪ್ಪನವರು ಅರ್ಧ ಮೊಳ ಎತ್ತರ ಹೆಚ್ಚು. ಅನುರಾಧಾ ಟೀಚರು ಕಡಿಮೆ. ಆಮೇಲೆ ಎಲ್ಲರ ದೃಷ್ಟಿಯೂ ಒಂದೆಡೆ ನಿಂತಿತು. ಮೀನಾಜ್ ಮುಂದೆ ಬಂದಳು.

“ಬಾಯಿ ತೆರೀರಿ ಸಾಹೇಬ್ರ.”

ಅನುರಾಧಾ ತಲೆಯ ಮೇಲೆ ಕೈ ಇಟ್ಟುಕೊಂಡರು. ಸಾಹೇಬರು ಮಾತ್ರ ಬಗ್ಗಿ, ವಿಧೇಯರಾಗಿ ಬಾಯಿ ತೆರೆದರು.

“ಬಾಯಿಗೂಡ್ಯದ,” ಎಂದಳು ಮೀನಾಜ್. “ಒಂದ ಹಲ್ಲ ಬೆಳ್ಳಿದು ಅದ. ನಡೀತದ.”

ಸಾಹೇಬರು ಕೋಟು ಬಿಚ್ಚಿ ಅನುರಾಧಾ ಅವರ ಕೈಗಿತ್ತರು. ಅವರ ಹೆಗಲಿಗೂ ಒಂದು ಬಟ್ಟೆ ಬೇಕಾಗಿತ್ತು. ಬಸವಣಪ್ಪನವರು ತಮ್ಮ ಟವೆಲು ತೆಗೆದುಕೊಟ್ಟರು. ನೊಗದ ಎಡಗೋಲಿಗೆ ಮಾಸ್ತರರು, ಬಲಗೋಲಿಗೆ ಸಾಹೇಬರು. ಹದಿನಾರು ಮಕ್ಕಳೂ ಗಾಡಿ ಹತ್ತಿದರು. ಬಸವಣಪ್ಪನವರು ತಾವು ಹತ್ತದೆ, ಪಕ್ಕದಲ್ಲಿ ನಡೆಯುತ್ತ, ಕೈಯಲ್ಲಿ ಹಗ್ಗವಿಲ್ಲದಿದ್ದರೂ ಹಿಡಿದಂತೆಯೇ ಹಿಡಿದು, ಏರು ಬಂದಾಗ ನಾಲಗೆಯಿಂದ ‘ಚ್ಚ ಚ್ಚ’ ಎಂದು ಹುರಿದುಂಬಿಸಿದರು.

“ಬಲಗೋಲು ಜರಾ ಮೈಗಳ್ಳ ಅದ,” ಎಂದರು ಅರ್ಧ ದಾರಿಯಲ್ಲಿ.

“ಆಫೀಸಿನ ಎತ್ರಿ,” ಎಂದರು ಸಾಹೇಬರು, ಏದುಸಿರಿನ ನಡುವೆ. ಅನುರಾಧಾ ಮುಂದೆ ಓಡಿ ಮೊಬೈಲಿನಲ್ಲಿ ಚಿತ್ರ ತೆಗೆದರು. ಶಾಲೆಯ ಅಂಗಳದಲ್ಲಿ ಸರ್ಜಾ ಮತ್ತು ಹೀರಾ ಎದ್ದು ನಿಂತು ಅವರನ್ನು ಬರಮಾಡಿಕೊಂಡವು. ಕರಿಹಲಗೆಯ ಮೇಲೆ ಮೂರು ಸೋಮವಾರಗಳನ್ನು ಕಂಡ ಸಾಹೇಬರು ಕಾರಣ ಕೇಳಿದರು. ಮಕ್ಕಳು ಹೇಳಲು ಬಾಯಿ ತೆರೆದರು. ದೀಪಾಲಿ ಅವರನ್ನೆಲ್ಲ ಒಮ್ಮೆ ನೋಡಿ, “ಸರ್ ಶುದ್ಧಬರಹ ಕಲಿಸಾಕತ್ತಿದ್ರು” ಎಂದಳು.

ಪ್ರಶಸ್ತಿಪತ್ರ ಬೇರೆ ತಾಲ್ಲೂಕಿನ ಶಾಲೆಗೆ ಹೋಯಿತು. ಹುಣಸಿವಾಡಿಗೆ ಆರು ಅಂಕ ಕಡಿಮೆ ಬಿದ್ದಿದ್ದವು.

ಮೂವತ್ತೊಂದರಂದು ಬೀಳ್ಕೊಡುಗೆ. ತುಳಜಾಬಾಯಿಯವರೂ ಬಂದಿದ್ದರು. ಬಿನ್ನವತ್ತಳೆಯನ್ನು ಬೇರೆ ಯಾರಿಗೂ ಬರೆಯಲು ಬಾರದಿದ್ದುದರಿಂದ ಅದನ್ನು ಓದಲಿಲ್ಲ. ಸಾಹೇಬರು ಒಂದು ಕಟ್ಟು ಕಳಿಸಿದ್ದರು. ಬಿಚ್ಚಿದಾಗ ಚೌಕಟ್ಟು ಸಹಿತ ಒಂದು ಚಿತ್ರ: ನೊಗದಲ್ಲಿ ಇಬ್ಬರು, ಗಾಡಿಯ ತುಂಬ ಮಕ್ಕಳು, ಪಕ್ಕದಲ್ಲಿ ಬಸವಣಪ್ಪನವರು. ಕೆಳಗೆ ಸಾಹೇಬರ ಕೈಬರಹ: ‘ಎಡಗೋಲು ಗುರುನಾಥ. ಬಲಗೋಲು ದಿಲೀಪ. ಸೋಮವಾರ.’

ತುಳಜಾಬಾಯಿಯವರು ಅದನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು.

“ಮೂವತ್ತೇಳು ವರ್ಷ ಆಯ್ತು ಮದುವಿಯಾಗಿ,” ಎಂದರು. “ಇಷ್ಟು ದುಡಿಯೋದು ಒಮ್ಮೆನೂ ನೋಡಿಲ್ಲ ನಾ.” ಹೇಳಿ, ಚಿತ್ರವನ್ನು ಸೆರಗಿನಲ್ಲಿ ಸುತ್ತಿ, ಬೇರೆ ಯಾರ ಕೈಗೂ ಕೊಡದೆ ತೊಡೆಯ ಮೇಲಿಟ್ಟುಕೊಂಡರು. ಅದು ಎಲ್ಲಿಗೆ ಹೋಗುವುದೆಂದು ಮಾಸ್ತರರಿಗೆ ತಿಳಿಯಿತು.

ಸಂಜೆ ಬಸವಣಪ್ಪನವರು ಅಂಗಳದಲ್ಲಿ ತಲೆ ಕೆರೆದುಕೊಳ್ಳುತ್ತ ನಿಂತರು. ಮಾಸ್ತರರನ್ನು ಫಾಟಾದವರೆಗೆ ಗಾಡಿಯಲ್ಲಿ ಕಳಿಸಬೇಕೆಂದು ಊರು ನಿಶ್ಚಯಿಸಿತ್ತು. ಗಾಡಿಗೆ ತೋರಣವನ್ನೂ ಕಟ್ಟಿತ್ತು. ಮೂವತ್ತೊಂದು ಯಾವ ವಾರ ಬೀಳುವುದೆಂದು ಯಾರೂ ನೋಡಿರಲಿಲ್ಲ.

“ಮಾಸ್ತರ,” ಎಂದರು, “ನಿಮ್ಮ ಸಲುವಾಗಿ...”

“ಬ್ಯಾಡ ಬಸವಣಪ್ಪ,” ಎಂದರು ಮಾಸ್ತರರು ಚಪ್ಪಲಿ ಮೆಟ್ಟುತ್ತ. “ಇವತ್ತ ಎತ್ತಿಗಿ ಸೂಟಿ.”

ಗಂಡಹೆಂಡಿರು ಫಾಟಾದವರೆಗೆ ನಡೆದೇ ಹೋದರು.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ, ಹುಣಸಿವಾಡಿಯಲ್ಲಿ ಯಾವ ಕೆಲಸವೂ ಉಳಿದಿರದ ಗುರುನಾಥ ಮಾಸ್ತರರು ಅದೇ ಫಾಟಾದಲ್ಲಿ ಬಸ್ಸಿನಿಂದ ಇಳಿದರು. ಬಾಡಿದ ತೋರಣದ ಗಾಡಿ ಕಾಯುತ್ತಿತ್ತು. ಸರ್ಜಾ ಮತ್ತು ಹೀರಾ ಅವರನ್ನು ಶಾಲೆಯವರೆಗೆ ಎಳೆದುಕೊಂಡು ಹೋದವು. ಬಾಗಿಲಲ್ಲಿ ದೀಪಾಲಿ ನಿಂತಿದ್ದಳು. ಅವಳ ಬಾಯಲ್ಲಿ ಹೊಸ ಹಲ್ಲೊಂದು ಅಕ್ಕಿಕಾಳಿನಷ್ಟು ಮೂಡಿತ್ತು. ಅವಳು ಒಳಗಿನ ಕರಿಹಲಗೆಯ ಬಲ ಮೂಲೆಯತ್ತ ಕೈ ತೋರಿಸಿದಳು.

“ಸರ್, ನೀವು ಬರ್ದಿದ್ದ ವಾರ ಇವತ್ತ ಬಂದದ ನೋಡ್ರಿ.”